ಬೋರಲಿಂಗನ ಮಹಡಿ ಲೆಕ್ಕ

ಕೇಳಿ, ಆದರೆ ನಗಬೇಡಿ. ನಗಲೇಬೇಕೆಂದರೆ ಅವನ ಅವ್ವನಿಗೆ ಕೇಳಿಸದ ಹಾಗೆ ನಗಿ.

ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ಬೋರಲಿಂಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ತಲೆನೋವು. "ಬಾಗಿಲು ನೋಡ್ಕೊಂಡಿರೋ" ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವವನು. ಒಳಗೆ ಬೆಕ್ಕು ಹಾಲು ಕುಡಿದರೂ ಕತ್ತು ತಿರುಗಿಸುವವನಲ್ಲ!

ಊರಾಚೆ ಕಾರ್ಖಾನೆ ಬಂತು. ಕಾರ್ಖಾನೆಯ ಹಿಂದೆಯೇ ಜಪಾನಿನವರು, ಚೀನಾದವರು ಬಂದರು. ಅವರಿಗೊಂದು ಗೆಸ್ಟ್ ಹೌಸ್ ಎದ್ದಿತು. ನೆಲಮಹಡಿ, ಮೇಲೆ ಮೂರು ಮಹಡಿ. ಸಣ್ಣತಾಯಮ್ಮ ಅಲ್ಲಿ ಅಡುಗೆಯವಳು. ಮೇನೇಜರ್ ರುದ್ರೇಶಪ್ಪನ ಕಾಲು ಹಿಡಿದು ಮಗನಿಗೆ ಲಿಫ್ಟಿನ ಕೆಲಸ ಕೊಡಿಸಿದಳು. ಯಾಕೆಂದರೆ ಮಗನಿಗೆ ನೋಡಿಟ್ಟಿದ್ದ ಹೆಣ್ಣಿನ ಸೋದರಮಾವ ಚೌಡಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ: "ಭಾನುವಾರ ಬರ್ತೀನಿ. ಅಷ್ಟೊತ್ತಿಗೂ ಹುಡುಗ ಕೆಲಸದಲ್ಲಿದ್ದರೆ ಹೆಣ್ಣು ಕೊಡ್ತೀವಿ. ಇಲ್ಲದಿದ್ರೆ ಇಲ್ಲ."

ಅವ್ವ ಪಾಠ ಮಾಡಿದಳು. "ಜಪಾನಿನವರು ಮಹಡಿಗೆ ಕಾಯ್ ಅಂತಾರೆ ಕಣ್ಲಾ. ನಿಕಾಯ್ ಅಂದ್ರೆ ಎರಡನೇದು. ಸಂಗಾಯ್ ಅಂದ್ರೆ ಮೂರನೇದು. ನೆನಪಿರ್ಲಿ!"

ಸೋಮವಾರ ಮುರಾಸೆ ಅನ್ನುವ ಜಪಾನಿ ಸಾಹೇಬರು ಪೆಟ್ಟಿಗೆ ಹಿಡಿದು ಬಂದು "ನಿಕಾಯ್" ಅಂದರು. ಬೋರಲಿಂಗ ಎರಡು ಒತ್ತಿದ, ಎರಡನೇ ಮಹಡಿಗೆ ಬಿಟ್ಟ. ಅಲ್ಲಿದ್ದದ್ದು ಬಟ್ಟೆ ಒಣಗಿಸುವ ಕೋಣೆ! ಮುರಾಸೆ ಸಾಹೇಬರು ಮರ್ಯಾದಸ್ಥರು. ಈ ದೇಶದ ಪದ್ಧತಿಯೇ ಹೀಗಿರಬೇಕು ಅಂದುಕೊಂಡು ಒದ್ದೆ ಚಾದರಗಳ ನಡುವೆ ಸಂಜೆಯವರೆಗೆ ಕೈ ಕಟ್ಟಿ ಕೂತರು. ಎಂಟು ಸಲ ಸೀನಿದರು.

ಅವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಅವರು ನೆಲಮಹಡೀನೇ ಒಂದು ಅಂತ ಎಣಿಸ್ತಾರೆ ಕಣೋ. ಅವರ ಎರಡು ನಮ್ಮ ಒಂದು. ಅವರು ಎಷ್ಟು ಹೇಳಿದ್ರೂ ಒಂದು ಕಳಿ!"

"ಒಂದು ಕಳೀಬೇಕಾ? ಕಳೀತೀನಿ ಬಿಡವ್ವ!"

ಮಂಗಳವಾರ ಮುರಾಸೆ ಸಾಹೇಬರು ಕೆಲಸಕ್ಕೆ ಹೊರಟರು. ಬಾಗಿಲಲ್ಲಿ ನಿಂತು ಕಾಲು ತೋರಿಸಿದರು, ಎರಡು ಬೆರಳೆತ್ತಿದರು: ಶೂ ತಂದುಕೊಡು ಅಂತ. ಎರಡರಲ್ಲಿ ಒಂದು ಕಳೆದರೆ ಒಂದು. ಬೋರಲಿಂಗ ಎಡಗಾಲಿನದೊಂದನ್ನು ತಂದಿಟ್ಟ. ಅವರು ಮತ್ತೆ ಎರಡು ಬೆರಳೆತ್ತಿದರು. ಇವನು ಅದೇ ಒಂದನ್ನು ಒರೆಸಿ ಕೊಟ್ಟ! ಕಾರ್ಖಾನೆಯ ಬಸ್ಸು ಹಾರನ್ ಹೊಡೆಯಿತು. ಮುರಾಸೆ ಸಾಹೇಬರು ಕುಂಟಿಕೊಂಡು ಬಸ್ಸು ಹತ್ತಿದರು. ಕಿಟಕಿಯಿಂದ ತಲೆಬಾಗಿ ನಮಸ್ಕಾರ ಬೇರೆ ಮಾಡಿದರು.

"ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಹಾಕ! ಶೂನಲ್ಲಿ ಯಾರಾದ್ರೂ ಕಳೀತಾರೇನೋ? ಮಹಡಿ ಮಾತು ಬಂದ್ರೆ ಮಾತ್ರ ಕಳಿ!"

"ಅಷ್ಟೇ ತಾನೇ? ಮೊದಲೇ ಹೇಳಬಾರ್ದಾ!"

ಗುರುವಾರ ಚೀನಾದ ಎಂಜಿನಿಯರಮ್ಮ ಶ್ಯೂ ಮೇಡಂ ಕೆಳಗೆ ಬಂದರು. ಛಾವಣಿಯ ಟ್ಯಾಂಕಿನಿಂದ ನೆಲದವರೆಗೆ ಹೊಸ ಪೈಪು ಇಳಿಸಬೇಕಿತ್ತು. ಎಂಜಿನಿಯರು ಅಂದ ಮೇಲೆ ತಲೆಯೆತ್ತಿ ಕಟ್ಟಡ ನೋಡುವುದುಂಟೆ? ಕಾಗದ ಬಿಡಿಸಿ ಬೋರಲಿಂಗನನ್ನೇ ಕೇಳಿದರು, "ಜಿ ತ್ಸಂಗ್?" ಕಟ್ಟಡದ ಕಡೆ ಕೈ ಮಾಡಿ ಎಷ್ಟು ಅಂತ ಬೆರಳು ಎಣಿಸಿದರು.

ಮಹಡಿ ಮಾತು ಬಂತು! ಮೇಲೆ ಮೂರು ಮಹಡಿ, ಒಂದು ಕಳೆದರೆ ಎರಡು. ಬೋರಲಿಂಗ ಎರಡು ಬೆರಳೆತ್ತಿದ. ಮೇಡಂ ಬರೆದುಕೊಂಡರು. ಪೈಪು ಬಂತು, ಮೇಲಿಂದ ಇಳಿಯಿತು, ಎರಡಂತಸ್ತಿಗೆ ಮುಗಿಯಿತು. ಮುಗಿದದ್ದು ಮೊದಲನೇ ಮಹಡಿಯ ಮೇನೇಜರ್ ಕಿಟಕಿಯ ಎದುರಿಗೆ. ನೀರು ಬಿಟ್ಟರು ನೋಡಿ, ರುದ್ರೇಶಪ್ಪ ಕುರ್ಚಿಯಲ್ಲಿ ಕೂತಲ್ಲೇ ಮಂಗಳಸ್ನಾನ!

"ಇನ್ನೊಂದು ತಪ್ಪು ಮಾಡಿದ್ರೆ ಮನೆಗೆ!" ಅಂತ ರುದ್ರೇಶಪ್ಪ ಮೀಸೆ ಹಿಂಡಿಕೊಳ್ಳುತ್ತಾ ಕೂಗಿದ.

ಸಣ್ಣತಾಯಮ್ಮ ಮಗನ ಕಿವಿ ಹಿಡಿದಳು. "ಚೀನಾದವರು ಎಷ್ಟನೇ ಮಹಡಿ ಅನ್ನೋಕೆ ಲೋ ಅಂತಾರೆ. ಒಟ್ಟು ಎಷ್ಟು ಅಂತಸ್ತು ಅನ್ನೋಕೆ ತ್ಸಂಗ್ ಅಂತಾರೆ. ಒಟ್ಟು ಕೇಳಿದ್ರೆ ನೆಲಾನೂ ಸೇರಿಸ್ಬೇಕು, ನಾಲ್ಕು ಅನ್ಬೇಕು! ನಿನ್ನ ತಲೆಗೆ ಇಷ್ಟೆಲ್ಲ ಇಳಿಯಲ್ಲ. ಚಿಕ್ಕದಾಗಿ ಹೇಳ್ತೀನಿ. ಎಲ್ಲಿಗೆ ಅನ್ನೋ ಮಾತಾದ್ರೆ ಒಂದು ಕಳಿ, ಎಷ್ಟು ಅನ್ನೋ ಮಾತಾದ್ರೆ ಒಂದು ಸೇರಿಸು!"

"ಎಲ್ಲಿಗೆ ಅಂದ್ರೆ ಕಳಿ, ಎಷ್ಟು ಅಂದ್ರೆ ಸೇರಿಸು. ಎಲ್ಲಿಗೆ ಅಂದ್ರೆ ಕಳಿ, ಎಷ್ಟು ಅಂದ್ರೆ ಸೇರಿಸು." ಎರಡು ದಿನ ಅದೇ ಜಪ.

ಭಾನುವಾರ ಚೌಡಪ್ಪ ಬಂದ. ಇಸ್ತ್ರಿ ಮುರಿಯದ ಪಂಚೆ, ಹೆಗಲಿಗೆ ಜರಿಯಂಚಿನ ಶಲ್ಯ. ಸಣ್ಣತಾಯಮ್ಮ ಒಳಗೆ ಕೇಸರಿಬಾತು ತಿರುವುತ್ತಿದ್ದಳು.

"ಬನ್ನಿ ಮಾವ, ಎಲ್ಲಿಗೆ?" ಅಂದ ಬೋರಲಿಂಗ.

"ಮೇಲೆ ಹತ್ತೋಕೆ ಆಗಲ್ಲಪ್ಪ, ಮಂಡಿನೋವು. ನೆಲಮಹಡೀಲೇ ಕೂರೋಣ."

ನೆಲಮಹಡಿ ಅಂದರೆ ಸೊನ್ನೆ. ಸೊನ್ನೆಯಲ್ಲಿ ಒಂದು ಕಳೆದರೆ? ಬೋರಲಿಂಗ ಅಂಗಳಕ್ಕೆ ಹೋಗಿ ನೀರಿನ ಸಂಪಿನ ಕಬ್ಬಿಣದ ಮುಚ್ಚಳ ತೆಗೆದ. ಗಿಡ್ಡ ಏಣಿಯೊಂದನ್ನು ಅಂಚಿಗೆ ಸಿಕ್ಕಿಸಿ ಇಳಿಬಿಟ್ಟ. "ಇಳೀರಿ ಮಾವ."

ಚೌಡಪ್ಪ ಬಗ್ಗಿ ನೋಡಿದ. ಕತ್ತಲೆ. ಪೇಟೆಯ ದೊಡ್ಡ ದೊಡ್ಡ ಕಟ್ಟಡಗಳಲ್ಲಿ ನೆಲದಡಿಯೂ ಕೋಣೆಗಳಿರುತ್ತವೆ ಅಂತ ಕೇಳಿದ್ದ. ಗೊತ್ತಿಲ್ಲ ಅಂದರೆ ಹಳ್ಳಿ ಗಮಾರ ಅಂದಾರು! "ಗೊತ್ತು ಗೊತ್ತು, ನಾವೂ ಕಂಡಿದ್ದೀವಿ" ಅಂತ ಮೀಸೆ ತಿರುವಿ ಇಳಿದ. ಪಾದ ತಣ್ಣಗಾಯಿತು. ಮಂಡಿ ತಣ್ಣಗಾಯಿತು.

"ತಣ್ಣಗೈತಲ್ಲೋ!"

"ಏಸಿ ಇಲ್ಲದೇನೇ ಹಂಗೆ ಮಾವ!"

ಏಣಿ ಮುಗಿಯಿತು. ಕಾಲು ತಡಕಾಡಿತು. "ಇನ್ನೂ ಎಷ್ಟು ಮೆಟ್ಟಿಲೈತೋ?"

ಒಂದೂ ಇರಲಿಲ್ಲ. ಆದರೆ ಎಷ್ಟು ಅಂತ ಕೇಳಿದರಲ್ಲ! ಬೋರಲಿಂಗ ಸೇರಿಸಿದ. "ಒಂದು ಮಾವ!"

ಚೌಡಪ್ಪ ಆ ಒಂದರ ಮೇಲೆ ಕಾಲಿಟ್ಟ. ಬುಡುಂ!

ಸಣ್ಣತಾಯಮ್ಮ ಸೌಟು ಹಿಡಿದೇ ಓಡಿ ಬಂದಳು. "ಮಾವನೋರೆಲ್ಲೋ?"

"ಹೇಳಿದ ಕಡೆಗೇ ತಲುಪಿಸಿದೀನಿ ಕಣವ್ವ."

ಕತ್ತಿನವರೆಗೆ ನೀರಲ್ಲಿ ನಿಂತ ಚೌಡಪ್ಪ ಏಣಿ ತಬ್ಬಿಕೊಂಡು ಒದರಿದ: "ಕಣ್ಣಾರೆ ನೋಡಿ ನೋಡಿ ಹುಡುಗೀನ ಬಾವಿಗೆ ತಳ್ತಾರೇನಮ್ಮೋ! ಸಂಬಂಧ ಬ್ಯಾಡ!"

ಸಣ್ಣತಾಯಮ್ಮನ ಕೈಯಿಂದ ಸೌಟು ಬಿತ್ತು.

ಬೋರಲಿಂಗ ಅವ್ವನ ಸೆರಗು ಜಗ್ಗಿದ. "ಅವ್ವಾ, ಹುಡುಗೀನ ಲಿಫ್ಟಲ್ಲೇ ಕರ್ಕೊಂಡು ಹೋಗ್ತೀನಿ. ಬಾವಿ ಎಷ್ಟನೇ ಮಹಡಿ?"