ಹುಳ ಬಿಟ್ಟ ಜಾಗ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಬೀಗರಾದ ಮಹಾರುದ್ರಪ್ಪನವರು. ಪ್ರಸಾದದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಕೂತು, ಎಲೆಯ ಮೇಲಿನ ಹುಗ್ಗಿ ಆರುವವರೆಗೆ ಹೇಳಿದರು. ಆಶ್ರಮ ಯಾವ ಹೊಳೆಯ ದಂಡೆಯಲ್ಲಿತ್ತು ಎಂಬುದನ್ನೂ ಹೇಳಿದ್ದರು. ಆ ಹೊಳೆಯ ಹೆಸರು ನನಗೆ ಮರೆತುಹೋಗಿದೆ.

ಆ ಆಶ್ರಮದಲ್ಲಿ ನೀಲಕಂಠಜ್ಜ ಎಂಬ ಗುರುಗಳಿದ್ದರು. ಹಳೆಯ ವೈದ್ಯದ ಓಲೆಗರಿಗಳನ್ನು ಓದುವುದು ಹೇಗೆಂದು ಕಲಿಸುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಓದುವ ಕೆಲಸವೆಲ್ಲ ಶಿಷ್ಯ ಅಡವೀಶನ ಪಾಲಿಗೆ ಬಂತು.

ಅಡವೀಶ ಚುರುಕಿನವನು. ಗರಿಗಳ ಫೋಟೋ ತೆಗೆದು ಫೋನಿನಲ್ಲಿದ್ದ ಎಐಗೆ ತೋರಿಸಿದ. ಗುರುಗಳು ಭೂತಗನ್ನಡಿ ಹಿಡಿದು ವರ್ಷಗಟ್ಟಲೆ ಓದಿದ್ದನ್ನು ಅದು ಕೂತಲ್ಲೇ ಓದಿ ಹೇಳಿತು.

"ಅಜ್ಜಾರ, ನಿಮಗ ಬ್ಯಾಸರೇನ್ರಿ?"

"ಯಾಕ ಬ್ಯಾಸರ? ನನ್ನ ಕಣ್ಣಿಗಿಂತ ಅದರ ಕಣ್ಣು ಚಲೋ ಐತಿ. ಓದಸು."

ಒಂದು ಮುಂಜಾನೆ ಅಡವೀಶ ಓಡಿ ಬಂದ. ಎಷ್ಟೋ ಕಾಲದಿಂದ ಅರ್ಧಕ್ಕೇ ನಿಂತಿದ್ದ ಒಂದು ಗರಿ ಪೂರ್ತಿಯಾಗಿತ್ತು. ಮಕ್ಕಳ ಉಬ್ಬಸಕ್ಕೆ ಕೊಡುವ ಕಷಾಯದ ಪದ್ಯ ಅದು. ನಡುವೆ ಹುಳ ತಿಂದು, ಕಿರುಬೆರಳು ತೂರುವಷ್ಟು ತೂತು ಬಿದ್ದಿತ್ತು.

"ಕೇಳ್ರಿ," ಎಂದು ಹಾಡಿಯೇ ತೋರಿಸಿದ. ಪದ್ಯ ಎಲ್ಲೂ ಎಡವಲಿಲ್ಲ. ಪ್ರಾಸವೂ ಕೂಡಿತ್ತು.

ಗುರುಗಳು ಕಣ್ಣು ಮುಚ್ಚಿ ಕೇಳಿದರು.

"ಚಂದ ಐತಿ. ತೂತು ಎಲ್ಲಿತ್ತು?"

"ಈಗ ಗೊತ್ತ ಆಗೂದಿಲ್ರಿ," ಅಡವೀಶ ನಕ್ಕ. "ಈ ಗರಿ ಎಲ್ಲಾ ಕೂಡಿಸಿ ಮಾಡಿದ ಪುಸ್ತಕ ನಾಳೆ ಅಚ್ಚಿಗೆ ಕೊಡತೀನ್ರಿ."

ಅಷ್ಟರಲ್ಲಿ ಫಕೀರವ್ವ ಎಂಬ ಹೆಣ್ಣುಮಗಳು ಕೂಸನ್ನು ಬಗಲಲ್ಲಿ ಎತ್ತಿಕೊಂಡು ಬಂದಳು. ಕೂಸು ಉಸಿರೆಳೆದರೆ ಎದೆಯೊಳಗೆ ಸಿಳ್ಳೆ ಹೊಡೆದಂತೆ ಕೇಳುತ್ತಿತ್ತು.

"ದವಾಖಾನಿಗೆ ತೋರಿಸೀನ್ರಿ ಅಜ್ಜಾರ. ಔಷಧ ಕೊಟ್ಟಾರ. ಆದ್ರ ಇವತ್ತ ಮತ್ತ ಎದ್ದೈತಿ."

ಗುರುಗಳು ಬಾಯಿ ತೆರೆಯುವ ಮೊದಲೇ ಅಡವೀಶ ಹೇಳಿದ. "ಕುಂದರ್ರಿ ಅಕ್ಕಾರ. ಇದಕ್ಕ ಔಷಧ ಈಗಷ್ಟ ಸಿಕ್ಕೈತಿ. ಮಾಡಿ ತರಲೇನ್ರಿ ಅಜ್ಜಾರ?"

"ಮಾಡಿ ತಾ."

ಅಡವೀಶ ಪದ್ಯವನ್ನು ಗುನುಗುತ್ತಲೇ ಅರೆದ, ಹಾಲಿನಲ್ಲಿ ಕುದಿಸಿದ, ಬಟ್ಟಲಲ್ಲಿ ತಂದ. ಫಕೀರವ್ವ ಕೈ ಚಾಚಿದಳು. ಗುರುಗಳು ಕೈ ಅಡ್ಡ ಹಿಡಿದರು.

"ಮೊದಲ ನೀ ಒಂದು ಗುಟುಕು ಕುಡಿಯೋ ತಮ್ಮಾ."

ಅಡವೀಶ ಬಟ್ಟಲನ್ನು ತುಟಿಯ ಹತ್ತಿರ ಒಯ್ದ. ಕೈ ಅಲ್ಲೇ ನಿಂತಿತು.

"ಯಾಕ, ಬಿಸಿ ಐತೇನು?"

"ಇಲ್ರಿ."

"ಕಹಿ ಅಂತೇನು?"

"ಇಲ್ರಿ. ಇದರಾಗ ಮದ್ದುಗುಣಿಕಿ ಬೀಜ ಐತ್ರಿ."

ಮದ್ದುಗುಣಿಕೆ ವಿಷದ ಗಿಡ ಎಂಬುದು ಹೊಲಕ್ಕೆ ಹೋಗುವ ಮಕ್ಕಳಿಗೂ ಗೊತ್ತು.

"ಬೀಜ ಗರ್ಯಾಗ ಐತೋ ಇಲ್ಲೋ?"

"ಬೀಜ ಗರ್ಯಾಗ ಐತ್ರಿ. ಎಷ್ಟು ಹಾಕಬೇಕನ್ನೂದು…"

"ಅನ್ನೂದು?"

ಅಡವೀಶ ತಲೆ ತಗ್ಗಿಸಿದ. "ತೂತಿನಾಗ ಇತ್ರಿ."

ಫಕೀರವ್ವ ಕೂಸನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಅಡವೀಶ ಹಿತ್ತಿಲಿಗೆ ಹೋಗಿ, ಗುಂಡಿ ತೋಡಿ, ಕಷಾಯ ಸುರಿದು ಮಣ್ಣು ಮುಚ್ಚಿದ. ಬಟ್ಟಲನ್ನು ಬೂದಿ ಹಾಕಿ ತಿಕ್ಕಿದ. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದ.

ಗುರುಗಳು ತಾಯಿಗೆ ಹೇಳಿದರು. "ಅವ್ವಾ, ದವಾಖಾನಿ ಬಿಡಬ್ಯಾಡ. ಈಗಿಂದೀಗ ಮತ್ತ ಹೋಗು. ಇವ ತನ್ನ ಗಾಡಿ ಮ್ಯಾಲೆ ಕರಕೊಂಡು ಹೋಗತಾನ."

"ಗಾಡೀನೂ ಮೊದಲ ತಾನೊಬ್ಬನ ಹತ್ತಿ ನೋಡಲಿ, ಅಜ್ಜಾರ," ಎಂದಳು ಫಕೀರವ್ವ. ಆದರೂ ಹತ್ತಿ ಕೂತಳು.

ಹೊತ್ತು ಇಳಿಯುವಾಗ ಅಡವೀಶ ತಿರುಗಿ ಬಂದ. ಗುರುಗಳು ತೂತು ಬಿದ್ದ ಗರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.

"ಕೂಸು?"

"ಉಸಿರು ಹಗರ ಆಗೇತ್ರಿ. ಎರಡು ದಿನ ಅಲ್ಲೇ ಇಟಗೋತಾರಂತ."

ಗುರುಗಳು ಕೈಮುಗಿದರು. ಅಡವೀಶ ಅವರ ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಅಜ್ಜಾರ, ಈ ಎಐ ತಗದ ಒಗದಬಿಡತೀನ್ರಿ. ಅದು ಸುಳ್ಳು ಹೇಳೇತ್ರಿ."

"ಏನಂತ ಹೇಳಿತ್ತು? ಇದ್ದದ್ದು ಇದ್ದಂಗ ಓದು."

ಅಡವೀಶ ಫೋನು ತೆರೆದ. ಸಣ್ಣ ದನಿಯಲ್ಲಿ ಓದಿದ.

"'ತೂತಿನ ಜಾಗದ ಮಾತು ಗರಿಯಲ್ಲಿ ಕಾಣುವುದಿಲ್ಲ. ನೀವು ತುಂಬಲು ಹೇಳಿದ್ದರಿಂದ ಪದ್ಯಕ್ಕೆ ಹೊಂದುವಂತೆ ಊಹಿಸಿದ್ದೇನೆ. ಇದನ್ನು ನಂಬಿ ಔಷಧ ಮಾಡಬೇಡಿ.'"

"ಈ ಮಾತು ನಿನ್ನ ಪುಸ್ತಕದಾಗ ಎಲ್ಲೈತಿ?"

"ತಗದಬಿಟ್ಟೀನ್ರಿ. ಪುಟದ ಅಂದ ಕೆಡತಿತ್ತು."

ಗುರುಗಳು ಆ ಗರಿಯನ್ನು ಇಳಿಬಿಸಿಲಿಗೆ ಎತ್ತಿ ಹಿಡಿದರು. ತೂತಿನಿಂದ ತೂರಿದ ಬೆಳಕು ಶಿಷ್ಯನ ಅಂಗೈ ಮೇಲೆ ಬಿತ್ತು.

"ಹುಳ ತಾ ತಿಂದ ಜಾಗಾ ಖಾಲಿ ಬಿಟ್ಟು ಹೋಗಿತ್ತು. ಯಂತ್ರ ತಾ ಊಹಿಸಿದ್ದನ್ನ ಊಹೆ ಅಂದಿತ್ತು. ಇವೆರಡರ ನಡುವ ಕುಂತಾಂವ ಯಾರೋ ತಮ್ಮಾ?"

ಕೇಳಿದವರು ಈ ಕಥೆಯನ್ನು ತಮ್ಮ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಬೇಕು. ಹೊಳೆ ಯಾವುದೆಂದು ಅವರು ಕೇಳಿದರೆ, ಹೇಳಿದವನಿಗೆ ಮರೆತಿದೆ ಎಂದೇ ಹೇಳಿ.