ಕಂಚುಕುಟಿಗನ ಹಣೆ ಕೆಂಪಾದದ್ದು

"ಒಂದು ಸೋಲ್ಡರಿಂಗ್ ಐರನ್ ಆರಿಸೋಕೆ ಇಷ್ಟು ಹೊತ್ತಾ ಅಜ್ಜಿ?" ಅಂತ ಕೇಳಿದೆಯಲ್ಲ ಪುಟ್ಟಿ, ಬಾ, ಈ ಸ್ಟೂಲಿನ ಮೇಲೆ ಕೂತುಕೋ. ನಿನ್ನ ಗಿಟಾರಿನೊಳಗೆ ವೈರು ಬೆಸೆಯಬೇಕು. ಅಂಗಡಿಯವರು ಮೂರು ಐರನ್ ತೋರಿಸಿದ್ದಾರೆ. ಆರಿಸುವ ಮೊದಲು ದ್ಯಾವಿಯ ಕಥೆ ಕೇಳು.

ಲೋಕ ಇನ್ನೂ ಹೊಚ್ಚಹೊಸದಾಗಿತ್ತು. ಬೆಟ್ಟಗಳು ಕೂರಲು ಜಾಗ ಹುಡುಕುತ್ತಿದ್ದವು. ಗಾಳಿ, ಹೊಳೆ, ಬೆಂಕಿ ಎಲ್ಲವೂ ಮನುಷ್ಯರ ಜೊತೆ ಮಾತಾಡುತ್ತಿದ್ದವು.

ಹೊಳೆಯ ದಡದಲ್ಲಿ ದ್ಯಾವಿ ಎಂಬವಳಿದ್ದಳು. ಹಲಸಿನ ಮರ ಕೊರೆದು ಅವಳು ಒಂದು ವಾದ್ಯ ಮಾಡಿದ್ದಳು. ಅದಕ್ಕೆ ಆರು ತಂತಿ. ತಂತಿಗಳ ಕೆಳಗೊಂದು ಅಯಸ್ಕಾಂತದ ಕಲ್ಲು. ಕಲ್ಲಿನ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ಎಳೆ, ಸುತ್ತುಗಳು ಒಂದಕ್ಕೊಂದು ತಾಗಿ ವಾದ್ಯ ಕೆಡದಿರಲಿ ಅಂತ ಅದರ ಮೇಲೆ ಜೇನುಮೇಣ. ಮಿಂಚು ಅದನ್ನು ನೋಡಿ ಮೆಚ್ಚಿ, ತನ್ನದೊಂದು ಮರಿಯನ್ನು ಅದರೊಳಗೆ ಇರಲು ಬಿಟ್ಟಿತ್ತು. ತಂತಿ ಮೀಟಿದರೆ ಸಾಕು, ಸದ್ದು ತಾಮ್ರದ ಎಳೆ ಹಿಡಿದು ಓಡಿ, ತುದಿಯಲ್ಲಿದ್ದ ದೊಡ್ಡ ಕೊಂಬಿನಿಂದ ಗುಡುಗಿನಂತೆ ಹೊರಬರುತ್ತಿತ್ತು.

ಒಂದು ಬೆಳಗ್ಗೆ ದ್ಯಾವಿಯ ಅವ್ವ, ಇನ್ನೂ ಎಂಟು ಜನ ಆಚೆ ದಡದಿಂದ ಹರಿಗೋಲಿನಲ್ಲಿ ಬರುತ್ತಿದ್ದರು. ನಡುಹೊಳೆಗೆ ಬರುವಷ್ಟರಲ್ಲಿ ಮಂಜು ಇಳಿಯಿತು. ಎಂಥ ಮಂಜು ಅಂದರೆ, ಹುಟ್ಟು ಹಾಕುವವನಿಗೆ ತನ್ನ ಕೈಯೇ ಕಾಣಲಿಲ್ಲ.

"ದ್ಯಾವೀ, ದಡ ಎಲ್ಲೈತೆ?" ಅವ್ವನ ಕೂಗು ಸಣ್ಣಗೆ ಕೇಳಿತು.

ದ್ಯಾವಿ ಗಂಟಲು ಹರಿಯುವಂತೆ ಕೂಗಿದಳು. ಮಂಜು ಅವಳ ದನಿಯನ್ನು ನುಂಗಿಬಿಟ್ಟಿತು.

"ಬೇಗ ಏನಾದರೂ ಮಾಡು ತಾಯಿ," ಎಂದಿತು ಹೊಳೆ. "ಮುಂದೆ ಜಲಪಾತ ಇದೆ. ನಿಲ್ಲೋದಕ್ಕೆ ನನಗೆ ಬರಲ್ಲ."

ದ್ಯಾವಿ ವಾದ್ಯ ಎತ್ತಿಕೊಂಡು ಓಡಿದಳು. ಒದ್ದೆ ಬಂಡೆಯ ಮೇಲೆ ಕಾಲು ಜಾರಿತು. ದಡಾರ್! ವಾದ್ಯ ಒಡೆಯಲಿಲ್ಲ. ಆದರೆ ಒಳಗಿನ ತಾಮ್ರದ ಎಳೆ ಕೊಂಬಿನಿಂದ ಕಿತ್ತುಬಂತು. ತಂತಿ ಮೀಟಿದರೆ ಬರೀ ಟಿಣ್ ಎಂದಿತು.

ಅವಳ ಬಳಿ ಒಂದು ತುಂಡು ತವರ ಇತ್ತು. ಅದನ್ನು ಕರಗಿಸಿ ಎಳೆಯನ್ನು ಬೆಸೆಯಬೇಕು. ಯಾವ ಬೆಂಕಿಯನ್ನು ಕರೆಯುವುದು?

"ನನ್ನನ್ನು ಕರಿ!" ಎಂದಿತು ಗುಡ್ಡದ ಮೇಲಿನ ಕಾಳ್ಗಿಚ್ಚು. "ಕಣ್ಣು ಮುಚ್ಚಿ ಬಿಡೋದರೊಳಗೆ ಮುಗಿಸ್ತೀನಿ."

"ನೀನು ಬಂದರೆ ತವರದ ಜೊತೆ ನನ್ನ ವಾದ್ಯವೂ ಮುಗೀತದೆ," ಎಂದಳು ದ್ಯಾವಿ.

"ನಾನು ಬಹಳ ಸಾಧು," ಎಂದಿತು ಒಲೆಯ ಬೂದಿಯೊಳಗಿನ ಬಿಸಿ. "ಯಾರನ್ನೂ ಸುಡಲ್ಲ."

ಸಾಧು ಅಂದಮೇಲೆ ಅಪಾಯವಿಲ್ಲ ಎಂದುಕೊಂಡಳು ದ್ಯಾವಿ. ಬಿಸಿ ಬೂದಿ ತಂದು ಎಳೆಯ ಪಕ್ಕದಲ್ಲಿಟ್ಟಳು. ಕಾದಳು. ತವರ ಅಲ್ಲಾಡಲಿಲ್ಲ. ಇನ್ನೂ ಕಾದಳು. ಬಿಸಿ ಮೆಲ್ಲಮೆಲ್ಲಗೆ ಎಳೆಯ ಮೇಲೆ ಹರಿದು ಅಯಸ್ಕಾಂತದವರೆಗೂ ಹೋಯಿತು. ಜೇನುಮೇಣ ಹನಿಹನಿಯಾಗಿ ಸೋರತೊಡಗಿತು!

"ಸಾಕು, ಸಾಕು!" ಎಂದು ದ್ಯಾವಿ ಬೂದಿಯನ್ನು ಕೊಡವಿಬಿಟ್ಟಳು.

ಆಗ ತವರ ಬಾಯಿ ಬಿಟ್ಟಿತು. "ದ್ಯಾವವ್ವ, ನನ್ನನ್ನು ಕಾಯಿಸಬೇಡ. ತಾಮ್ರವನ್ನು ಕಾಯಿಸು, ನಾನೇ ಓಡಿ ಬರ್ತೀನಿ. ಆದರೆ ಕಾವು ಜೋರಾಗಿರಲಿ. ತಟ್ಟನೆ ಮುಟ್ಟಬೇಕು, ತಟ್ಟನೆ ಬಿಡಬೇಕು."

ದ್ಯಾವಿ ಜಾಲಿ ಮರದ ಕೆಂಡ ಹೊತ್ತಿಸಿದಳು. ಗಾಳಿ ಬಂದು ಊದಿತು. ಕೆಂಡ ಬೊಗಸೆಯಷ್ಟೇ, ಕಾವು ಮಾತ್ರ ಭಾರಿ. ಅದರಲ್ಲಿ ಅವಳು ಚಪ್ಪಟೆ ಮೂತಿಯ ತಾಮ್ರದ ಮೊಳೆಯೊಂದನ್ನು ಇಟ್ಟಳು. ಮೊಳೆ ಕಾಯಿತು. ಹಿಡಿಯುವವರು ಯಾರು? ಅವಳ ಒಂದು ಕೈಯಲ್ಲಿ ಎಳೆ, ಇನ್ನೊಂದರಲ್ಲಿ ತವರ.

ಆಲದ ಮರದಿಂದ ಒಂದು ಪುಟ್ಟ ಹಕ್ಕಿ ಇಳಿದು ಬಂತು. ಅದೇ ಕಂಚುಕುಟಿಗ. ಆಗ ಅದರ ಮೈಯೆಲ್ಲ ಎಲೆಹಸಿರು, ಬಾಯಲ್ಲಿ ಕೂಗೇ ಇಲ್ಲ. ಕೊಕ್ಕು ಮಾತ್ರ ದಪ್ಪ, ಗಟ್ಟಿ. ಅದು ಸುಮ್ಮನೆ ಮೊಳೆಯ ಹಿಂಬದಿ ಕಚ್ಚಿ ಎತ್ತಿತು.

"ಸುಡ್ತದೆ ಕಣೋ!" ಎಂದಳು ದ್ಯಾವಿ. ಹಕ್ಕಿ ಬಿಡಲಿಲ್ಲ.

"ಹಾಗಾದರೆ ನಾನು ಎರಡು ಎಣಿಸ್ತೀನಿ. ಒಂದಕ್ಕೆ ಮುಟ್ಟು, ಎರಡಕ್ಕೆ ಎತ್ತು." ಅವಳು ಕಾಲಿನಿಂದ ಬಂಡೆ ತಟ್ಟಿದಳು. ಟೊಂಕ್! ಹಕ್ಕಿ ಮುಟ್ಟಿತು. ತವರ ನೀರಾಗಿ ಓಡಿ ಎಳೆಯನ್ನು ತಬ್ಬಿತು. ಟೊಂಕ್! ಹಕ್ಕಿ ಎತ್ತಿತು. ಬೆಸುಗೆ ಬೆಳ್ಳಿಯಂತೆ ಹೊಳೆಯಿತು. ಮೇಣ ಒಂದು ಹನಿಯೂ ಸೋರಲಿಲ್ಲ.

ನೋಡಿದೆಯಾ ಪುಟ್ಟಿ? ಅದಕ್ಕೇ ಆ ಕಡಿಮೆ ಕಾವಿನ ಪುಟಾಣಿ ಐರನ್ ಬೇಡ, ಪಾತ್ರೆ ಬೆಸೆಯುವ ಆ ದೊಡ್ಡದೂ ಬೇಡ. ಚಪ್ಪಟೆ ಮೂತಿಯ ಈ ಅರವತ್ತು ವ್ಯಾಟಿನದೇ ಸರಿ.

ದ್ಯಾವಿ ಆರೂ ತಂತಿಗಳನ್ನು ಒಟ್ಟಿಗೆ ಮೀಟಿದಳು. ಕೊಂಬು ಗರ್ಜಿಸಿತು! ಮಂಜು ಬೆಚ್ಚಿಬಿದ್ದು ದಾರಿ ಬಿಟ್ಟಿತು. "ಆ ಕಡೆ! ಸದ್ದಿನ ಕಡೆ!" ಎಂದು ಹರಿಗೋಲಿನಲ್ಲಿದ್ದವರು ಕಿರುಚಿದರು. ದ್ಯಾವಿ ಮೀಟುತ್ತಲೇ ಇದ್ದಳು, ಅವರು ಹುಟ್ಟು ಹಾಕುತ್ತಲೇ ಇದ್ದರು. ಜಲಪಾತಕ್ಕೆ ಇನ್ನೊಂದು ಮಾರು ಇರುವಾಗ ಹರಿಗೋಲು ದಡಕ್ಕೆ ತಾಗಿತು.

ಒಂಬತ್ತು ಜನವೂ ಇಳಿದರು. ಕೇಕೆ ಹಾಕಿದರು, ಕುಣಿದರು. ಅವ್ವ ಮಗಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಹಕ್ಕಿ ಮಾಡಿದ ಸಹಾಯವನ್ನು ದ್ಯಾವಿ ಹೇಳಿದಾಗ ಅವ್ವನ ಕಣ್ಣು ಅದರ ಮೇಲೆ ಬಿತ್ತು. ಕಾವಿಗೆ ಅದರ ಹಣೆ ಕೆಂಪಾಗಿತ್ತು, ಕತ್ತಿನ ಕೆಳಗೂ ಕೆಂಪು ಪಟ್ಟಿ ಮೂಡಿತ್ತು.

"ಗೆದ್ದು ಬಂದವರ ಹಣೆಗೆ ನಾವು ಕುಂಕುಮ ಇಡ್ತೀವಿ," ಎಂದಳು ಅವ್ವ. "ನಿನಗೆ ಬೆಂಕಿಯೇ ಇಟ್ಟುಬಿಟ್ಟೈತೆ, ಮಗಾ."

ಹಕ್ಕಿ ಆಲದ ತುದಿಗೆ ಹಾರಿ ಎದೆಯುಬ್ಬಿಸಿತು. ಅದರ ಗಂಟಲಿನಿಂದ ಮೊದಲ ಸಲ ಸದ್ದು ಬಂತು. ತನಗೆ ಗೊತ್ತಿದ್ದ ಒಂದೇ ಮಾತನ್ನು ಅದು ಇಡೀ ಕಾಡಿಗೆ ಸಾರಿತು: ಟೊಂಕ್! ಟೊಂಕ್!

ಇವತ್ತಿಗೂ ಬಿಸಿಲೇರಿದಾಗ ಮರದ ತುದಿಯಿಂದ ಕಂಚು ಬಡಿದಂತೆ ಸದ್ದು ಬಂದರೆ ತಲೆ ಎತ್ತಿ ನೋಡು, ಹಣೆಗೆ ಕೆಂಪಿಟ್ಟುಕೊಂಡ ಹಸಿರು ಹಕ್ಕಿಯೊಂದು ಮುಟ್ಟು, ಎತ್ತು ಎಂದು ಇನ್ನೂ ಎಣಿಸುತ್ತಿರುತ್ತದೆ.