ಪಾರವ್ವನ ಎತ್ತಿನ ಎಡಗಣ್ಣು

ಒಂದು ದುಃಖದ ಸುದ್ದಿ. ಎಲ್ಲರೂ ಸುಮ್ಮನೆ ಕೂತು ಕೇಳಬೇಕು.

ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ಇವತ್ತೇ ಪಾರವ್ವನ ಎತ್ತಿನ ಎಡಗಣ್ಣು ಬಿದ್ದುಹೋಗಿದೆ.

ಪಾರವ್ವನಿಗೆ ಐದು ವರ್ಷ. ಎತ್ತಿಗೆ ಅರ್ಧ ದಿನ. ಕೆರೆಯ ಮಣ್ಣು ತಂದು ಅವಳೇ ಮಾಡಿದ ಎತ್ತು. ಅವಳ ಮೊದಲನೇ ಎತ್ತು. ಕಣ್ಣಿಗೆ ಎರಡು ಗುಲಗಂಜಿ. ಮಣ್ಣು ಹಸಿ ಇರುವಾಗಲೇ ಕಣ್ಣು ಒತ್ತಬೇಕು. ಪಾರವ್ವ ಕೊಂಬು ತಿದ್ದಿದಳು. ತಿದ್ದಿದಳು, ತಿದ್ದಿದಳು. ಮಣ್ಣು ಒಣಗಿತು. ಆಮೇಲೆ ಕಣ್ಣು ಒತ್ತಿದಳು. ಬಲಗಣ್ಣು ನಿಂತಿತು. ಎಡಗಣ್ಣು ಉರುಳಿತು. ಉರುಳಿ ಉರುಳಿ, ಮಲಗಿದ್ದ ಎಮ್ಮೆಯ ಹೊಟ್ಟೆಯ ಕೆಳಗೆ ಸೇರಿತು.

ಸಂಜೆ ಪೂಜೆ. ಒಕ್ಕಣ್ಣಿನ ಎತ್ತನ್ನು ದೇವರ ಮುಂದೆ ಇಡುವುದಿಲ್ಲ.

ಪಾರವ್ವ ಎಮ್ಮೆಯ ಹತ್ತಿರ ಹೋದಳು.
"ಎಮ್ಮಿ ಎಮ್ಮಿ, ಮ್ಯಾಲೇಳು. ಕಣ್ಣು ಸಿಗವಲ್ದು."
"ಈಗಷ್ಟ ಮಲಗೀನಿ. ಮೆಲುಕು ಹಾಕೂದು ಬಾಕಿ ಅದ. ಒಲ್ಲೆ."

ಬೇವಿನ ಮರದಲ್ಲಿ ಕಾಗೆ ಕೂತಿತ್ತು.
"ಕಾಗಿ ಕಾಗಿ, ಎಮ್ಮಿ ಬಾಲ ಎಳಿ. ಎಮ್ಮಿ ಏಳವಲ್ದು, ಕಣ್ಣು ಸಿಗವಲ್ದು."
"ಎಮ್ಮಿ ನನ್ನ ಗೆಳತಿ. ಅದರ ಮೈಮ್ಯಾಲಿನ ಉಣ್ಣಿನೇ ನನ್ನ ಊಟ. ಒಲ್ಲೆ."

ಮರದ ಬುಡದಲ್ಲಿ ಬೆಕ್ಕು ಕೂತಿತ್ತು.
"ಬೆಕ್ಕ ಬೆಕ್ಕ, ಮರ ಹತ್ತು. ಕಾಗಿ ಎಳೀವಲ್ದು, ಎಮ್ಮಿ ಏಳವಲ್ದು, ಕಣ್ಣು ಸಿಗವಲ್ದು."
"ಹೊಟ್ಟಿ ತುಂಬ ಹಾಲು ಕುಡದೀನಿ. ಯಾರ ಹಾಲು ಅಂತ ಕೇಳಬ್ಯಾಡ. ಒಲ್ಲೆ."

ಬಾಗಿಲಲ್ಲಿ ನಾಯಿ ಮಲಗಿತ್ತು.
"ನಾಯಿ ನಾಯಿ, ಬೊಗಳು. ಬೆಕ್ಕು ಹತ್ತವಲ್ದು, ಕಾಗಿ ಎಳೀವಲ್ದು, ಎಮ್ಮಿ ಏಳವಲ್ದು, ಕಣ್ಣು ಸಿಗವಲ್ದು."
"ಬೆಕ್ಕು ನಮ್ಮ ಮನೀದು. ಮನೀ ಮಂದೀಗೆ ಬೊಗಳಬಾರದು. ಒಲ್ಲೆ."

ಕಟ್ಟೆಯ ಮೇಲೆ ಅಜ್ಜಿ ಕೂತಿದ್ದಳು.
"ಅಜ್ಜಿ ಅಜ್ಜಿ, ಕೋಲು ಹಿಡಿ. ನಾಯಿ ಬೊಗಳವಲ್ದು, ಬೆಕ್ಕು ಹತ್ತವಲ್ದು, ಕಾಗಿ ಎಳೀವಲ್ದು, ಎಮ್ಮಿ ಏಳವಲ್ದು, ಕಣ್ಣು ಸಿಗವಲ್ದು!"
"ಈಗಷ್ಟ ಎಲಿ ಅಡಿಕಿ ಹಾಕ್ಕೊಂಡೀನಿ ನನ್ನವ್ವ. ರುಚಿ ಹತ್ತೇದ. ಒಲ್ಲೆ."

ಕೇಳಲು ಇನ್ನು ಯಾರೂ ಉಳಿಯಲಿಲ್ಲ. ದನಗಳಿಗೆ ನೀರಿಡುವ ಕಲ್ಲಬಾನಿಯ ಅಂಚಿನಲ್ಲಿ ಪಾರವ್ವ ಕೂತಳು. ಅಳಬೇಕು ಅಂತ ಬಾಯಿ ತೆರೆದಳು.

ಆಗ ಒಂದು ಏರೋಪ್ಲೇನ್ ಚಿಟ್ಟೆ ಬಂತು. ಕೆಂಪು ಬಾಲ. ಗಾಜಿನಂಥ ರೆಕ್ಕೆ. ಬಂದು, ಪಾರವ್ವನ ಹೆಬ್ಬೆರಳ ಮೇಲೆ ಕೂತಿತು.

ಪಾರವ್ವ ಅಳಲಿಲ್ಲ. ಅಲುಗಲಿಲ್ಲ. ತೆರೆದ ಬಾಯಿ ಮುಚ್ಚಲೂ ಇಲ್ಲ. ಮನಸ್ಸಿನಲ್ಲೇ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು, ಹತ್ತು.

ಚಿಟ್ಟೆ ಹಾರಿಹೋಯಿತು.

ಪಾರವ್ವ ಹೆಬ್ಬೆರಳು ನೋಡುತ್ತಾ ಕೂತೇ ಇದ್ದಳು.

"ಇಷ್ಟೊತ್ತು ಒದರಾಕತ್ತಿದ್ದ ಹುಡುಗಿ ಯಾಕ ಸುಮ್ಮನಾದ್ಲು?" ಎಂದಳು ಅಜ್ಜಿ. ನೋಡಲು ಎದ್ದಳು. ಮೊಣಕಾಲು ನೋವು, ಅದಕ್ಕೆ ಕೋಲು ಹಿಡಿದಳು. ಅಜ್ಜಿ ಕೋಲು ಹಿಡಿದಳು, ನಾಯಿ ಬೊಗಳಿತು. ನಾಯಿ ಬೊಗಳಿತು, ಬೆಕ್ಕು ಮರ ಹತ್ತಿತು. ಬೆಕ್ಕು ಮರ ಹತ್ತಿತು, ಕಾಗೆ ಕೆಳಗೆ ಹಾರಿ ಬಾಲ ಎಳೆಯಿತು. ಯಾಕೆ ಎಳೆಯಿತೋ ಕಾಗೆಗೂ ಗೊತ್ತಿಲ್ಲ. ಕಾಗೆ ಬಾಲ ಎಳೆಯಿತು, ಎಮ್ಮೆ ಎದ್ದಿತು. ಎಮ್ಮೆ ಎದ್ದಿತು, ಕಣ್ಣು ಸಿಕ್ಕಿತು.

"ಕಣ್ಣು ಸಿಕ್ತು ನೋಡು, ಪಾರಿ!"

"ಅಜ್ಜಿ, ಏರೋಪ್ಲೇನ್ ಚಿಟ್ಟಿ ನನ್ನ ಹೆಬ್ಬೆರಳ ಮ್ಯಾಲೆ ಕುಂತಿತ್ತು!"

"ಹೌದಾ? ಎಷ್ಟೊತ್ತು?"

"ಹತ್ತು!"

"ಆಮ್ಯಾಲೆ?"

"ಆಮ್ಯಾಲಿಂದು ನನಗ ಬರಂಗಿಲ್ಲ. ಅದಕ್ಕೂ ಬರಂಗಿಲ್ಲ. ಹೋತು."

ಪಾರವ್ವ ಹೆಬ್ಬೆರಳು ಎತ್ತಿ ಹಿಡಿದು ಹೊರಟಳು. ನಾಯಿಗೆ ತೋರಿಸಿದಳು. ಬೆಕ್ಕಿಗೆ ತೋರಿಸಿದಳು. ಕಾಗೆಗೆ ತೋರಿಸಿದಳು. ಎಮ್ಮೆಗೆ ತೋರಿಸಿದಳು. ತೋರಿಸು ಅಂತ ಯಾರೂ ಕೇಳಿರಲಿಲ್ಲ.

ಅಜ್ಜಿ ಒಂದು ಚಿಟಿಕೆ ಹಸಿ ಮಣ್ಣು ಹಚ್ಚಿ ಕಣ್ಣು ಕೂರಿಸಿದಳು.

ಸಂಜೆ ಪೂಜೆಯಾಯಿತು. ಎತ್ತಿಗೆ ಎರಡು ಕಣ್ಣಿದ್ದವು. ಎಡಗಣ್ಣು ಸ್ವಲ್ಪ ಮೇಲಿತ್ತು.